ಒಂದು ಟ್ಯಾಂಕು, ಮೂರು ಕಲ್ಲು

ಬೆಳಗ್ಗೆ ಪೇಪರ್ ಬಂದ ತಕ್ಷಣ ನಮ್ಮೂರ ಟೀ ಅಂಗಡಿಯಲ್ಲಿ ಮೊದಲು ಓದುವುದು ಕನ್ನಂಬಾಡಿ ಕಟ್ಟೆಯ, ಅಂದರೆ ಕಾವೇರಿಯ ಕೆಆರ್‌ಎಸ್ ಅಣೆಕಟ್ಟಿನ, ನೀರಿನ ಮಟ್ಟ. ಸಾವು, ಚುನಾವಣೆ, ಚಿನ್ನದ ರೇಟು ಎಲ್ಲ ಆಮೇಲೆ. ಗರಿಷ್ಠ 124.80 ಅಡಿ ಅನ್ನೋದು ಮಂಡ್ಯ ಸೀಮೆಯಲ್ಲಿ ಎಳೇ ಮಕ್ಕಳಿಗೂ ಗೊತ್ತು. ಒಳಹರಿವು ಎಷ್ಟು ಕ್ಯೂಸೆಕ್, ಹೊರಹರಿವು ಎಷ್ಟು, ಎಲ್ಲ ಬಾಯಿಪಾಠ. "ನಿನ್ನೆಗಿಂತ ಕಾಲಡಿ ಜಾಸ್ತಿ ಆಗದೆ ಕಣ್ರಲಾ" ಅಂತ ಒಬ್ಬರು ಅಂದರೆ ಅಂಗಡಿಗೆ ಅಂಗಡಿಯೇ ಖುಷಿಪಡುತ್ತದೆ. ಅಂಗಡಿಯವನು ಮಾತ್ರ ಬೆಳಗಿನ ಜಾವದಿಂದ ಒಂದೇ ಬಕೆಟ್ ನೀರಲ್ಲಿ ಲೋಟ ಅದ್ದಿ ಅದ್ದಿ ತೆಗೆಯುತ್ತಿರುತ್ತಾನೆ. ಆ ಬಕೆಟ್ಟಿನ ಮಟ್ಟ ಎಷ್ಟು ಅಂತ ಯಾರೂ ಕೇಳಿದ್ದಿಲ್ಲ.

ಮಟ್ಟ ಮುಗಿದರೆ ಚರಿತ್ರೆ ಶುರು. ಕಟ್ಟೆ ಕಟ್ಟಿಸಿದ್ದು ಯಾರು? ಒಬ್ಬರು ಟಿಪ್ಪು ಅನ್ನುತ್ತಾರೆ. 1794ರ ಪರ್ಷಿಯನ್ ಶಾಸನ ಕಟ್ಟೆಯ ಬಾಗಿಲಲ್ಲೇ ಇದೆ, ಹೋಗಿ ನೋಡು ಅನ್ನುತ್ತಾರೆ. ಇನ್ನೊಬ್ಬರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಬಿಟ್ಟರೆ ಬೇರೆ ಹೆಸರೇ ಬೇಡ. ಮತ್ತೊಬ್ಬರು ವಿಶ್ವೇಶ್ವರಯ್ಯನವರ ಪೇಟ ಮುಟ್ಟಿದರೆ ಸುಮ್ಮನಿರೋದಿಲ್ಲ. ಮೂಲೆಯಲ್ಲಿ ಕೂತ ಅಜ್ಜ, "ಇಟ್ಟಿಗೆ ಪುಡಿಗೆ ಸುಣ್ಣ ಹಾಕಿ ಗಾರೆ ಕಲಸಿದ್ದು ನಮ್ಮಪ್ಪ ಕಣ್ರಪ್ಪ" ಅನ್ನುತ್ತಾರೆ. ಅವರ ಮಾತಿಗೆ ಮಾತ್ರ ಯಾರೂ ಜಗಳಕ್ಕೆ ಬರೋದಿಲ್ಲ. ಗಾರೆ ಕಲಸಿದವನಿಗೆ ಜಯಂತಿ ಇಲ್ಲ, ಅದಕ್ಕೇ ಇರಬೇಕು.

ಸಿಮೆಂಟ್ ಇಲ್ಲದೆ ಆ ಸುರ್ಕಿ ಗಾರೆಯಲ್ಲೇ ಕಟ್ಟೆ ಎದ್ದಿದ್ದು ನಿಜ. 1911ರಲ್ಲಿ ಶುರುವಾದ ಕೆಲಸ, ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ನನಗೆ ಇದರಲ್ಲಿ ತುಂಬ ಇಷ್ಟವಾದ ಭಾಗ ಅಡಿಪಾಯದ್ದು. ಹೊಳೆಯ ಕೆಳಗಡೆಯ ಮದ್ರಾಸಿನವರು ಒಪ್ಪಿದ್ದು 11 ಟಿಎಂಸಿಯ ಸಣ್ಣ ಕಟ್ಟೆಗೆ. ಮೈಸೂರಿನವರು ಹೂಂ ಅಂದು, 41.5 ಟಿಎಂಸಿಗೆ ಬೇಕಾಗುವಷ್ಟು ಅಗಲದ ಅಡಿಪಾಯ ತೋಡಿಬಿಟ್ಟರು! ಜಗಳ ಎಳೆದಾಡಿ 1924ರ ಒಪ್ಪಂದಕ್ಕೆ ಬಂದು ನಿಂತಿತು. ಒಪ್ಪಿಗೆ ಚಿಕ್ಕದು, ಕಟ್ಟಿದ್ದು ದೊಡ್ಡದು. ಈ ಕಲೆ ನಮ್ಮ ಜನಕ್ಕೆ ಈಗಲೂ ಗೊತ್ತು, ಸ್ವಲ್ಪ ತಿರುವುಮುರುವಾಗಿದೆ ಅಷ್ಟೆ. ನಮ್ಮೂರ ನೀರಿನ ಟ್ಯಾಂಕಿಗೆ ಒಪ್ಪಿಗೆ ದೊಡ್ಡದು, ಬಿಲ್ಲು ಇನ್ನೂ ದೊಡ್ಡದು, ಕಟ್ಟಿದ್ದು ಚಿಕ್ಕದು.

ಕನ್ನಂಬಾಡಿಯನ್ನು ಯಾರು ಕಟ್ಟಿಸಿದರು ಅಂತ ಜಗಳ ಇರಬಹುದು. ನಮ್ಮ ಟ್ಯಾಂಕಿನ ವಿಷಯದಲ್ಲಿ ಅಂಥ ಗೊಂದಲವೇ ಇಲ್ಲ. ಅದರ ಬುಡದಲ್ಲಿ ಮೂರು ಕಲ್ಲುಗಳಿವೆ. ಒಂದು ಶಂಕುಸ್ಥಾಪನೆಯದು, ಒಂದು ಉದ್ಘಾಟನೆಯದು, ಮೂರನೆಯದು ಸೋರಿಕೆ ಮುಚ್ಚಿದ ಮೇಲೆ ಮಾಡಿದ ಇನ್ನೊಂದು ಉದ್ಘಾಟನೆಯದು. ಒಂದು ಕಲ್ಲಿನ ಮೇಲೆ ಹದಿನೇಳು ಹೆಸರು ಎಣಿಸಿದ್ದೇನೆ. ಘನ ಅಧ್ಯಕ್ಷತೆ, ಗೌರವ ಉಪಸ್ಥಿತಿ, ವಿಶೇಷ ಉಪಸ್ಥಿತಿ. ದಿನಾ ಸೈಕಲ್ಲಲ್ಲಿ ಬಂದು ವಾಲ್ವ್ ತಿರುಗಿಸೋ ನೀರುಗಂಟಿಯ ಹೆಸರು ಮೂರರಲ್ಲಿ ಒಂದರ ಮೇಲೂ ಇಲ್ಲ. ನೀರು ಬರದಿದ್ದಾಗ ಮಾತ್ರ ಊರಿಗೆಲ್ಲ ಅವನ ಹೆಸರೇ ನೆನಪಾಗುತ್ತದೆ, ಅವನ ತಾಯಿಯ ಸಮೇತ.

ಆಮೇಲೆ ಮನೆ ಮನೆಗೂ ನಲ್ಲಿ ಬಂತು. ತಲೆಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ. ಹೋದ ವರ್ಷ ಹಾಕಿದ ಸಿಮೆಂಟ್ ರಸ್ತೆಯನ್ನು ಅಗೆದು ಪೈಪ್ ಹೂತರು, ಬಾಗಿಲ ಮುಂದೆ ಸೊಂಟದೆತ್ತರಕ್ಕೆ ಒಂದು ಗೂಟ ನಿಲ್ಲಿಸಿ ನಲ್ಲಿ ಸಿಕ್ಕಿಸಿದರು, ಪಕ್ಕದಲ್ಲಿ ಮನೆಯವರನ್ನು ನಿಲ್ಲಿಸಿ ಫೋಟೊ ಹೊಡೆದುಕೊಂಡು ಹೋದರು. ಫೋಟೊದಲ್ಲಿ ನಮ್ಮ ದೊಡ್ಡವ್ವ ಖಾಲಿ ಬಿಂದಿಗೆ ಹಿಡಿದು ನಕ್ಕಿದ್ದಾರೆ. ಈಗ ಆ ಗೂಟಕ್ಕೆ ಮೇಕೆ ಕಟ್ಟುತ್ತಾರೆ. "ಗಟ್ಟಿಯಾಗದೆ, ಮೇಕೆ ಎಷ್ಟು ಎಳುದ್ರೂ ಅಲ್ಲಾಡಕಿಲ್ಲ" ಅಂತ ದೊಡ್ಡವ್ವ ಯೋಜನೆಯನ್ನು ಮೆಚ್ಚಿಕೊಂಡಿದ್ದಾರೆ. ಫೈಲಿನಲ್ಲಿ ಊರು ನೂರಕ್ಕೆ ನೂರು ಪಾಸು.

ನೀರನ್ನು ಮೇಲೆ ಹತ್ತಿಸೋದು ಕಷ್ಟ, ನಿಮ್ಮೂರು ಸ್ವಲ್ಪ ದಿಬ್ಬದ ಮೇಲಿದೆ ಅಂತ ಒಬ್ಬ ಸಾಹೇಬರು ಸಮಾಧಾನ ಹೇಳಿದರು. ಇರಬಹುದು. ನಮ್ಮದೇ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಇದೇ ಕಾವೇರಿ 1974ರಿಂದ ಬೆಂಗಳೂರಿಗೆ ಹತ್ತುತ್ತಿದ್ದಾಳೆ. ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು ಅರ್ಧ ಕಿಲೋಮೀಟರ್ ಎತ್ತರ. 2024ರಲ್ಲಿ ಐದನೇ ಹಂತವೂ ಶುರುವಾಗಿ, ದಿನಕ್ಕೆ 77.5 ಕೋಟಿ ಲೀಟರ್ ಜಾಸ್ತಿ ಕಳಿಸೋ ವ್ಯವಸ್ಥೆ ಆಯಿತು. ಬೆಂಗಳೂರಿನ ಹನ್ನೆರಡನೇ ಮಹಡಿ ತಗ್ಗಿನಲ್ಲಿದೆ, ನಮ್ಮೂರ ಮಾರಿಗುಡಿ ಬೀದಿ ದಿಬ್ಬದಲ್ಲಿದೆ. ಭೂಗೋಳ ನಾನು ಸರಿಯಾಗಿ ಓದಲಿಲ್ಲ ಅನ್ಸುತ್ತೆ. ಬೆಂಗಳೂರಿನವರ ಮೇಲೆ ಸಿಟ್ಟಿಲ್ಲಪ್ಪ, ನಮ್ಮ ಮಕ್ಕಳೂ ಅಲ್ಲೇ ಇರೋದು. ಹಬ್ಬಕ್ಕೆ ಊರಿಗೆ ಬರುವಾಗ ಕಾರಿನ ಡಿಕ್ಕಿಯಲ್ಲಿ ಎರಡು ಕ್ಯಾನ್ ಕಾವೇರಿ ನೀರು ತರುತ್ತಾರೆ.

ಕಟ್ಟೆ ತುಂಬಿದ ವರ್ಷ ಮುಖ್ಯಮಂತ್ರಿಗಳು ಬಂದು ಬಾಗಿನ ಬಿಡುತ್ತಾರೆ. ಟೀವಿಯಲ್ಲಿ ನೇರ ಪ್ರಸಾರ. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ ಎಲ್ಲ ಕಾಣುತ್ತದೆ. ಹೋದ ಸಲ ಅದನ್ನು ನೋಡುತ್ತಿದ್ದಾಗಲೇ ಬೀದಿಗೆ ಟ್ಯಾಂಕರ್ ಬಂತು. ಬಾಗಿನ ಇನ್ನೂ ಗಾಳಿಯಲ್ಲಿತ್ತು, ನೀರಿಗೆ ಬಿದ್ದಿರಲಿಲ್ಲ. ಇಡೀ ಮನೆ ಬಿಂದಿಗೆ ಎತ್ತಿಕೊಂಡು ಓಡಿತು. ಅದು ನೀರಿಗೆ ಬಿತ್ತೋ ಇಲ್ಲವೋ ನಮಗೆ ಈಗಲೂ ಗೊತ್ತಿಲ್ಲ.

ಮೊನ್ನೆ ಹೋಗಿ ನೋಡಿದರೆ ಟ್ಯಾಂಕಿನ ಬುಡದಲ್ಲಿ ಎರಡೇ ಕಲ್ಲು. ಶಂಕುಸ್ಥಾಪನೆಯದು ಕಾಣೆ. ಟೀ ಅಂಗಡಿಯಲ್ಲಿ ಗಲಾಟೆಯೋ ಗಲಾಟೆ. ಒಂದು ಪಕ್ಷದವರು ಇನ್ನೊಂದು ಪಕ್ಷದವರ ಮೇಲೆ ಕಂಪ್ಲೇಂಟ್ ಕೊಡಲು ಹೊರಟರು. ಸಂಜೆ ನಾಲೆ ಕಡೆ ಹೋದಾಗ ನನಗೆ ಅದು ಸಿಕ್ಕಿತು. ದೊಡ್ಡವ್ವ ಅದರ ಮೇಲೆ ಕಂಬಳಿ ಒಗೆಯುತ್ತಿದ್ದರು.

"ಇದರ ಮೇಲೆ ಯಾರ ಹೆಸರಿತ್ತು ದೊಡ್ಡವ್ವ?"

"ಯಾರ್ದೋ ಕನಪ್ಪ. ಅಕ್ಸರ ಇರೋದ್ರಿಂದ ಬಟ್ಟೆ ಜಾರಕಿಲ್ಲ."