ಹೋಗುವಾಗಿನದು ಹಳೇ ಪೆಟ್ರೋಲ್

ನನ್ನ ಭಾವ ಕುಡಿಯುವುದಿಲ್ಲ. ಆದರೂ ತಿಂಗಳಿಗೆ ಒಂದೆರಡು ಸಲ ಗೋವಾಕ್ಕೆ ಹೋಗಿ ಬರುತ್ತಿದ್ದರು. ಕಾರವಾರದಲ್ಲಿ ಈ ಮಾತನ್ನು ಯಾರೂ ನಂಬುವುದಿಲ್ಲ. ಅವರು ಹೋಗುತ್ತಿದ್ದದ್ದು ಸ್ಕೂಟರಿಗೆ ಕುಡಿಸಲಿಕ್ಕೆ.

ಕಾಳಿ ನದಿಯ ಸೇತುವೆ ದಾಟಿ, ಸದಾಶಿವಗಡ, ಮಾಜಾಳಿ ಕಳೆದರೆ ಗಡಿಯಾಚೆ ಪೋಳೆಂ. ಊರಿನಿಂದ ಸುಮಾರು 15 ಕಿಲೋಮೀಟರ್. ಭಾವನಿಗೆ ಈ ಚಟ ಅಂಟಿದ್ದು 2012ರಲ್ಲಿ. ಆ ಏಪ್ರಿಲ್‌ನಲ್ಲಿ ಗೋವಾದ ಪರಿಕ್ಕರ್ ಸರ್ಕಾರ ಪೆಟ್ರೋಲ್ ಮೇಲಿನ ವ್ಯಾಟ್ ಹೆಚ್ಚುಕಡಿಮೆ ತೆಗೆದೇ ಹಾಕಿತು. ಲೀಟರಿಗೆ ಸುಮಾರು 11 ರೂಪಾಯಿ ಒಂದೇ ಸಲಕ್ಕೆ ಇಳಿಯಿತು. ಆಗ ಅವರ ಲೆಕ್ಕ ನಿಜಕ್ಕೂ ಸರಿಯಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅಲ್ಲಿಯ ತೆರಿಗೆ ಮತ್ತೆ ಏರಿತು. ಭಾವ ಮಾತ್ರ ಸ್ಕೂಟರ್ ತಿರುಗಿಸಲಿಲ್ಲ.

ನಾನು ಲೆಕ್ಕ ಹಾಕಿದಾಗ ಉಳಿಯುತ್ತಿದ್ದದ್ದು ಲೀಟರಿಗೆ ಐದಾರು ರೂಪಾಯಿ. ಸ್ಕೂಟರಿಗೆ ಹಿಡಿಯುವುದು ಐದು ಲೀಟರ್. ಅಂದರೆ ಉಳಿತಾಯ ಮೂವತ್ತು ರೂಪಾಯಿ ಅಂತಿಟ್ಟುಕೊಳ್ಳಿ. ಹೋಗಿ ಬರುವ 30 ಕಿಲೋಮೀಟರಿಗೆ ಮುಕ್ಕಾಲು ಲೀಟರಿನಷ್ಟು ಸುಡುತ್ತದೆ. ಇದನ್ನು ಒಮ್ಮೆ ಕಾಗದದ ಮೇಲೆ ಬರೆದು ತೋರಿಸಿದೆ.

"ಹೋಗುವಾಗಿನದು ಹಳೇ ಪೆಟ್ರೋಲ್ ಮಾರಾಯಾ, ಅದಕ್ಕೆ ಆಗಲೇ ದುಡ್ಡು ಕೊಟ್ಟಾಗಿದೆ. ಬರುವಾಗಿನದು ಗೋವಾದ್ದು, ಅಗ್ಗ. ಖರ್ಚು ಎಲ್ಲಿ ಬಂತು?"

ಅಕ್ಕ ಲೆಕ್ಕದ ಟೀಚರ್. ಈ ಮಾತು ಬಂದಾಗಲೆಲ್ಲ ಎದ್ದು ಅಡುಗೆಮನೆಗೆ ಹೋಗುತ್ತಾಳೆ.

ಒಂದು ಸಂಜೆ ಗಡಿಯಲ್ಲಿ ತಪಾಸಣೆಯವರು ಭಾವನನ್ನು ನಿಲ್ಲಿಸಿದರು. ಗೋವಾಕ್ಕೆ ಯಾಕೆ ಹೋಗಿದ್ರಿ? "ಹಾಕಿಸ್ಕೊಂಡು ಬರ್ಲಿಕ್ಕೆ" ಅಂದರಂತೆ ಭಾವ, ಮುಗ್ಧವಾಗಿ. ಡಿಕ್ಕಿ ತೆಗೆಸಿದರು. ಛತ್ರಿ, ಒರೆಸುವ ಬಟ್ಟೆ, ಹಳೇ ರಸೀದಿಗಳ ಕಟ್ಟು. ಬಾಟಲಿ ಇಲ್ಲ. ಗೋವಾದಿಂದ ಖಾಲಿ ಡಿಕ್ಕಿಯಲ್ಲಿ ಬರುವ ಮನುಷ್ಯನ ಮೇಲೆ ಅನುಮಾನ ಇನ್ನೂ ಜಾಸ್ತಿಯಾಯಿತು. ಸೀಟು ತಟ್ಟಿ ನೋಡಿದರು, ಸ್ಕೂಟರಿನ ಕೆಳಗೆ ಬಗ್ಗಿ ನೋಡಿದರು. ಬಿಡುವಷ್ಟರಲ್ಲಿ ಕತ್ತಲಾಗಿತ್ತು.

ಬೆಳಗಿನ ತಂಪಿನಲ್ಲೇ ಹಾಕಿಸಬೇಕು ಅನ್ನುವುದು ಅವರ ಇನ್ನೊಂದು ನಿಯಮ. ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತದೆ, ನಿಜ. ಹತ್ತು ಡಿಗ್ರಿ ಏರಿದರೆ ನೂರಕ್ಕೆ ಒಂದು ಪಾಲಿನಷ್ಟು. ಆದರೆ ಬಂಕಿನ ಟ್ಯಾಂಕ್ ಇರುವುದು ನೆಲದೊಳಗೆ. ಅಲ್ಲಿ ಬೆಳಗೂ ಮಧ್ಯಾಹ್ನವೂ ಹೆಚ್ಚುಕಡಿಮೆ ಒಂದೇ. ಬೆಳಗಿನ ಚಳಿಯಲ್ಲಿ ಹೋಗಿ ಭಾವ ನೆಗಡಿ ತಂದುಕೊಂಡಿದ್ದೇ ಬಂತು. ಅದರ ಔಷಧಿ ಖರ್ಚು ಪೆಟ್ರೋಲ್ ಲೆಕ್ಕಕ್ಕೆ ಬರುವುದಿಲ್ಲವಂತೆ.

ಒಮ್ಮೆ ನಮ್ಮೂರಿನ ಬಂಕಿನಲ್ಲಿ ಐದು ಲೀಟರಿನ ಅಳತೆ ಪಾತ್ರೆ ತರಿಸಿದರು. ಅದು ಪ್ರತಿ ಬಂಕಿನಲ್ಲೂ ಇರಲೇಬೇಕು, ಗಿರಾಕಿ ಕೇಳಿದರೆ ಅಳೆದು ತೋರಿಸಲೇಬೇಕು. 25 ಮಿಲಿ ಆಚೀಚೆ ನಡೆಯುತ್ತದೆ. ಹಿಂದೆ ಸಾಲು ಬೆಳೆಯಿತು. ರಿಕ್ಷಾದವರು ಹಾರ್ನ್ ಹೊಡೆದರು. ಭಾವ ಕೂತು, ಕಣ್ಣು ಕಿರಿದು ಮಾಡಿ, ಗೆರೆ ನೋಡಿದರು. ಅಳತೆ ಕರಾರುವಾಕ್ಕಾಗಿತ್ತು. ಅಷ್ಟು ನಿರಾಸೆಯಾದದ್ದನ್ನು ನಾನು ನೋಡಿಯೇ ಇಲ್ಲ.

ಬಿಣಗಾ ಘಾಟಿಯ ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿಬಿಡುತ್ತಿದ್ದರು. ಕೀ ತಿರುಗಿಸಿದ ಮೇಲೆ ಹಾರ್ನೂ ಕೆಲಸ ಮಾಡುವುದಿಲ್ಲ ಅಲ್ವಾ? ಹಾಗಾಗಿ ತಿರುವಿನಲ್ಲೆಲ್ಲ ಭಾವನೇ "ಹೋಯ್! ಹೋಯ್!" ಅಂತ ಕೂಗುತ್ತಿದ್ದರು. ಹಿಂದೆ ಕೂತ ನಾನು ಮುಖ ಮುಚ್ಚಿಕೊಳ್ಳುತ್ತಿದ್ದೆ. "ಸುಮ್ನೆ ಕೂತಿದ್ದೀಯಲ್ಲ, ನೀನೂ ಕೂಗು" ಅನ್ನುತ್ತಿದ್ದರು.

2024ರ ಜೂನ್‌ನಲ್ಲಿ ನಮ್ಮ ಸರ್ಕಾರ ತೆರಿಗೆ ಏರಿಸಿ ಪೆಟ್ರೋಲ್ 3 ರೂಪಾಯಿ ತುಟ್ಟಿಯಾಯಿತು. ಇಡೀ ಕರ್ನಾಟಕದಲ್ಲಿ ಅವತ್ತು ಖುಷಿಪಟ್ಟವರು ಭಾವ ಒಬ್ಬರೇ ಇರಬೇಕು. "ನೋಡಿದ್ಯಾ, ಲೀಟರಿಗೆ ಮೂರು ರೂಪಾಯಿ ಲಾಭ ಜಾಸ್ತಿಯಾಯ್ತು!" ಆದರೆ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಕುಸಿಯಿತು. ನದಿಗೆ ಬಿದ್ದ ಲಾರಿಯ ಚಾಲಕ ಬದುಕಿದ ಅಂತ ಕೇಳಿ ಊರೆಲ್ಲ ನಿಟ್ಟುಸಿರುಬಿಟ್ಟಿತು. ಭಾವನೂ ಬಿಟ್ಟರು. ಬೆನ್ನಿಗೇ ಕೇಳಿದರು: "ಹೊಸ ಸೇತುವೆ ಮೇಲೆ ಸ್ಕೂಟರ್ ಬಿಡ್ತಾರಂತಾ?"

ಕೊನೆಗೆ ಅಕ್ಕ ತನ್ನ ದುಡ್ಡಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ತಂದಳು. ಇನ್ನು ಪೋಳೆಂ ಮುಗಿಯಿತು ಅಂದುಕೊಂಡಳು, ಪಾಪ. ಮುಂದಿನ ಭಾನುವಾರ ಭಾವ ಚಾರ್ಜರ್ ಹಿಡಿದು ನಮ್ಮ ಮನೆ ಬಾಗಿಲಲ್ಲಿದ್ದರು.

"ನಿಮ್ಮದು ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರ್ತದಲ್ಲ? ಎಷ್ಟು ಯೂನಿಟ್ ಬಾಕಿ ಉಂಟು?"

ಪ್ಲಗ್ ತೋರಿಸಿದೆ. ಚುಚ್ಚಿದರು, ದೀಪ ಹತ್ತಿದ್ದನ್ನು ಖಾತ್ರಿ ಮಾಡಿಕೊಂಡರು, ಬಂದು ಕುರ್ಚಿಯಲ್ಲಿ ಕೂತರು.

"ಫುಲ್ ಆಗ್ಲಿಕ್ಕೆ ನಾಲ್ಕೈದು ತಾಸು ಬೇಕಂತೆ ಮಾರಾಯಾ. ಊಟ ಮಾಡಿಯೇ ಹೋಗ್ತೇನೆ."