ದೂರದ ಗೆಳೆಯರಿಗೆ ದೊಡ್ಡ ಸುದ್ದಿಯೇ ಬೇಕಿಲ್ಲ

ಊರು ಬಿಟ್ಟ ಮೇಲೆ ಗೆಳೆತನ ಜಗಳದಿಂದ ಮುರಿಯುವುದು ಕಡಿಮೆ. "ಬಿಡುವಾದಾಗ ಆರಾಮಾಗಿ ಮಾತಾಡೋಣ" ಅಂತ ಮುಂದೂಡಿಯೇ ಅದು ಸೊರಗುತ್ತದೆ. ಆ ಬಿಡುವು ಬರುವುದೇ ಇಲ್ಲ. ಯಾವಾಗಲೋ ಒಮ್ಮೆ ಬಂದರೂ ಮಾತೆಲ್ಲ ವರದಿ ಒಪ್ಪಿಸಿದ ಹಾಗೆ. ಕೆಲಸ ಹೇಗಿದೆ, ಮನೆಯಲ್ಲಿ ಎಲ್ಲ ಆರಾಮಾ, ಮತ್ತೇನು ವಿಶೇಷ. "ಮತ್ತೇನು" ಅನ್ನುವುದು ಮತ್ತೆ ಮತ್ತೆ ಬಂದಾಗ ಫೋನ್ ಇಡೋಣ ಅಂತ ಇಬ್ಬರಿಗೂ ಅನಿಸಿರುತ್ತದೆ.

ಹತ್ತಿರ ಇದ್ದಾಗ ಹೀಗೆ ಮಾತಾಡುತ್ತಿರಲಿಲ್ಲ ಅಲ್ವಾ? ಬಸ್ ತಪ್ಪಿದ್ದು, ಚಪ್ಪಲಿ ಕಿತ್ತುಹೋಗಿದ್ದು, ಯಾರೋ ನೋಡಿಯೂ ನೋಡದ ಹಾಗೆ ಹೋದದ್ದು, ಇಂಥವೇ ಜಾಸ್ತಿ. ದೂರ ಹೋದ ಕೂಡಲೇ ಇದನ್ನೆಲ್ಲ ಏನು ಹೇಳೋದು ಅನಿಸತೊಡಗುತ್ತದೆ. ನನ್ನ ಪ್ರಕಾರ ಎಳೆ ತಪ್ಪುವುದು ಅಲ್ಲೇ.

ನನ್ನ ಗೆಳತಿಯೊಬ್ಬಳು ಬಟ್ಟೆ ಒಣಹಾಕುತ್ತಾ ವಾಯ್ಸ್ ನೋಟ್ ಕಳಿಸುತ್ತಾಳೆ. ಬಕೆಟ್ ಎಳೆದ ಸದ್ದು, ಬಾಯಲ್ಲಿ ಕ್ಲಿಪ್ ಕಚ್ಚಿಕೊಂಡೇ ಆಡಿದ ಅರ್ಧಂಬರ್ಧ ಮಾತು, ನಡುವೆ "ತಡಿ ತಡಿ, ಬಿತ್ತು". ವಿಷಯ ಏನೂ ಇರುವುದಿಲ್ಲ. ನಾನು ಅದನ್ನು ಮತ್ತೊಮ್ಮೆ ಹಾಕಿ ಕೇಳುತ್ತೇನೆ. ಅವಳು ಹಂಚಿಕೊಳ್ಳುವ ಚೆಂದದ ಫೋಟೊಗಳಿಂದ ತಿಳಿಯದ ಅವಳ ದಿನ ನನಗೆ ಸಿಗುವುದು ಇದರಲ್ಲಿ.

ಪರಿಚಯದವರು ಆಪ್ತ ಗೆಳೆಯರಾಗಲು 200 ಗಂಟೆಗೂ ಜಾಸ್ತಿ ಒಡನಾಟ ಬೇಕಾಗುತ್ತದೆ ಅಂತ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರ ಅಧ್ಯಯನದಲ್ಲಿ ಅಂದಾಜು ಮಾಡಿದ್ದಾರೆ. ಹೊಸ ಜಾಗದಲ್ಲಿ, ಕೆಲಸ ಸಂಸಾರದ ನಡುವೆ, ಅಷ್ಟು ಹೊತ್ತು ಹೊಂದಿಸುವುದು ಎಷ್ಟು ಕಷ್ಟ ಅಂತ ಊರು ಬಿಟ್ಟವರಿಗೆಲ್ಲ ಗೊತ್ತು. ಹಳೆಯ ಗೆಳೆಯರ ಜೊತೆ ಆ ಹೊತ್ತು ಆಗಲೇ ಕಳೆದಾಗಿದೆ. ಅದನ್ನು ಸುಮ್ನೆ ಬಿಟ್ಟುಬಿಡುವುದು ನನಗಂತೂ ಒಪ್ಪಿಗೆಯಾಗುವುದಿಲ್ಲ.

"ಯಾವಾಗಲೂ ನಾನೇ ಯಾಕೆ ಮೊದಲು ಫೋನ್ ಮಾಡಬೇಕು" ಅನ್ನುವ ಲೆಕ್ಕವೂ ಬೇಡ. ಕೆಲವರು ತಾವಾಗಿ ಫೋನ್ ಮಾಡುವವರೇ ಅಲ್ಲ. ಆದರೆ ನಾವು ಮಾಡಿದರೆ ಒಂದು ಗಂಟೆ ಬಿಡುವುದಿಲ್ಲ. ಕಷ್ಟ ಅಂದಾಗಲೂ ತಿರುಗಿ ನೋಡದವರ ಮಾತು ಬೇರೆ. ಅಂಥವರನ್ನು ಹಿಡಿದಿಟ್ಟುಕೊಳ್ಳಬೇಕಿಲ್ಲ.

ತುಂಬಾ ದಿನ ಮಾತು ಬಿಟ್ಟುಹೋಗಿದ್ದರೆ ಏನಂತ ಶುರು ಮಾಡೋದು ಅನ್ನುವ ಮುಜುಗರ ಇದ್ದೇ ಇರುತ್ತದೆ. ನಮ್ಮ ಮೆಸೇಜ್‌ನಿಂದ ಆ ಕಡೆಯವರಿಗೆ ಆಗುವ ಖುಷಿಯನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ ಅಂತ 2022ರಲ್ಲಿ ಬಂದ ಇನ್ನೊಂದು ಅಧ್ಯಯನ ಹೇಳುತ್ತದೆ. ಅದು ನಿರೀಕ್ಷೆಯೇ ಇಲ್ಲದಾಗ ಬಂದರೆ ಖುಷಿ ಇನ್ನೂ ಜಾಸ್ತಿಯಂತೆ. ಹಾಗಾಗಿ ಇಷ್ಟು ದಿನ ಯಾಕೆ ಸಿಗಲಿಲ್ಲ ಅನ್ನುವ ವಿವರಣೆ ಏನೂ ಬೇಡ. ಇವತ್ತು ಬೆಳಿಗ್ಗೆ ಏನಾಯ್ತು ಗೊತ್ತಾ ಅಂತಲೇ ಶುರು ಮಾಡಿ.