ನಾಳೆಯೇ ಸೇರ್ತೀರಾ ಸರ್?

ನೌಕರಿ ಕೊಡಿಸುವ ಏಜೆನ್ಸಿಯವರ ಮೇಲೆ ನನಗೆ ಸಿಟ್ಟೇನಿಲ್ಲ, ಸಿಟ್ಟಿರುವುದು ಅವರ ಅರ್ಜೆಂಟಿನ ಮೇಲೆ. ಅವರಿಗೆ ನಾನು ಬೇಕಾದಾಗ ಫೋನಿನ ಮೇಲೆ ಫೋನು. ಇಂಟರ್‌ವ್ಯೂ ಆಯ್ತಲ್ಲ, ಏನಾಯ್ತು ಅಂತ ನಾನು ಕೇಳಿದರೆ ಮಾತ್ರ ಆ ನಂಬರ್ ಬಿಜಿ.

ನಾನಿರುವುದು ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಕಂಪನಿ ಬೆಂಗಳೂರಿನದು, ಕೆಲಸ ನಮ್ಮನೆ ಮೆತ್ತಿನ ಮೇಲೆ, ಅಂದರೆ ಮಹಡಿಯಲ್ಲಿ. ಮನೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ಮೆತ್ತಿನ ಒಂದೇ ಒಂದು ಕಿಟಕಿಯ ಹತ್ತಿರ, ಹಾಗಾಗಿ ಮೊಬೈಲ್ ಯಾವಾಗಲೂ ಆ ಕಿಟಕಿಯಲ್ಲೇ ಕೂತಿರುತ್ತದೆ. ರಿಂಗ್ ಆದರೆ ನಾನು ಊಟದ ಬಾಳೆಯೆದುರು ಇದ್ದರೂ ಎಂಜಲು ಕೈಯಲ್ಲಿ ಮೆಟ್ಟಿಲು ಹತ್ತಿ ಓಡಬೇಕು. ಓಡಿ ಹೋಗಿ ಎತ್ತಿದರೆ ನಮಸ್ಕಾರ ಇಲ್ಲ, ಪುರುಸೊತ್ತಿದೆಯಾ ಅಂತ ಇಲ್ಲ, ನೇರ ಸಂಬಳದ್ದೇ ಪ್ರಶ್ನೆ. "ಕರೆಂಟ್ ಸಿಟಿಸಿ ಎಷ್ಟು?"

ಕರೆಂಟ್ ಬೆಳಿಗ್ಗೆಯೇ ಹೋಗಿದೆ ಮಾರಾಯ ಅನ್ನೋಣ ಅಂತ ಬಾಯಿಗೆ ಬಂದಿರುತ್ತದೆ.

ಯಾವ ಕಂಪನಿ ಅಂತ ನಾವು ಕೇಳಿದರೆ "ಅದು ಕಾನ್ಫಿಡೆನ್ಷಿಯಲ್ ಸರ್". ನನ್ನ ಸಂಬಳ ಮಾತ್ರ ಊರಿಗೆಲ್ಲ ಗೊತ್ತಾಗಬೇಕು, ಮೂರು ತಿಂಗಳ ಪೇಸ್ಲಿಪ್ ಸಮೇತ. ಈ ಸಿಟಿಸಿ, ಅಂದರೆ ನನ್ನ ಮೇಲೆ ಕಂಪನಿಗೆ ವರ್ಷಕ್ಕೆ ಬೀಳುವ ಒಟ್ಟು ಖರ್ಚು, ಅದೇ ಒಂದು ಮಾಯೆ. ಮೂಲ ವೇತನದ ಮೇಲೆ ಕಂಪನಿ ಕಟ್ಟುವ 12% ಪಿಎಫ್, ಗ್ರಾಚ್ಯುಟಿಗೆಂದು ತೋರಿಸುವ 4.81%, ವಿಮೆ, ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಅನ್ನುವಂಥ ಬೋನಸ್, ಎಲ್ಲ ಕೂಡಿಸಿ ಹೇಳುವ ಅಂಕಿ ಅದು. ಕೈಗೆ ಬರುವುದು ಎಷ್ಟು ಅಂತ ಕೇಳಿ ನೋಡಿ, ಲೈನ್ ಕಟ್ ಆಗುತ್ತದೆ. ಆ ಹೊತ್ತಿಗೆ ನಮ್ಮ ಸಿಗ್ನಲ್ ಚೆನ್ನಾಗಿಯೇ ಇರುತ್ತದೆ.

ಗುರುಗ್ರಾಮದಿಂದ ಒಬ್ಬಳು ಫೋನ್ ಮಾಡಿದ್ದಳು, ಹಿಂದಿಯಲ್ಲಿ. ವಾರಕ್ಕೆ ಮೂರು ದಿನ ಆಫೀಸಿಗೆ ಬಂದರೆ ಸಾಕು, ನಿಮಗೆ ಹತ್ತಿರವೇ ಅಲ್ವಾ ಅಂದಳು. ನಮಗೆ ಶಿರಸಿ ಪೇಟೆಯೇ ಹತ್ತಿರವಲ್ಲ, ಗುರುಗ್ರಾಮ ಹೇಗೆ ಹತ್ತಿರವಾಯ್ತು ಅಂತ ತಲೆ ಕೆರೆದುಕೊಂಡೆ. ಆಮೇಲೆ ಗೊತ್ತಾಯ್ತು, ಅವಳು ಹಿಡಿದುಕೊಂಡಿದ್ದು ಹರಿಯಾಣದ ಸಿರ್ಸಾ! ಅದು ದೆಹಲಿಯಿಂದ ಸುಮಾರು 250 ಕಿಲೋಮೀಟರ್ ದೂರದಲ್ಲಿದೆ, ಅದೂ ಹತ್ತಿರವೇನಲ್ಲ. ಅಲ್ಲ, ಇದು ಕರ್ನಾಟಕದ ಶಿರಸಿ ಅಂದೆ. "ಓಕೆ ಓಕೆ, ರೀಲೊಕೇಟ್ ಆಗ್ತೀರಾ?"

ಬೆಂಗಳೂರಿನವರು ಇದಕ್ಕಿಂತ ವಾಸಿ ಅಂದುಕೊಳ್ಳಬೇಡಿ. ನಾಳೆ ಹತ್ತು ಗಂಟೆಗೆ ವೈಟ್‌ಫೀಲ್ಡಿಗೆ ಬಂದುಬಿಡಿ ಅನ್ನುತ್ತಾರೆ. ಶಿರಸಿಗೆ ರೈಲಿಲ್ಲ, ರೈಲು ಬೇಕೆಂದರೆ ಮೊದಲು ತಾಳಗುಪ್ಪಕ್ಕೋ ಹಾವೇರಿಗೋ ಹೋಗಬೇಕು, ಕುಮಟಾ ಅಂದರೆ ದೇವಿಮನೆ ಘಟ್ಟ ಇಳಿಯಬೇಕು, ಇಲ್ಲವಾದರೆ ರಾತ್ರಿ ಬಸ್ಸಲ್ಲಿ 400 ಕಿಲೋಮೀಟರ್ ಸೊಂಟ ಮುರಿದುಕೊಳ್ಳಬೇಕು. ಇಷ್ಟೆಲ್ಲ ಹೇಳಿದ ಮೇಲೆ ಆ ಕಡೆಯಿಂದ ಬರುವ ಮಾತು: "ಹನ್ನೊಂದಕ್ಕೆ ಬರಬಹುದಾ ಸರ್?"

ಮತ್ತೆ ಎಲ್ಲರಿಗೂ ನಾಳೆಯೇ ಸೇರುವವನು ಬೇಕು. ಅದೇ ಕಂಪನಿಗಳು ತಮ್ಮ ಕಡೆಯವರು ಬಿಡುತ್ತೇನೆ ಅಂದರೆ 90 ದಿನ ಕಟ್ಟಿಹಾಕಿಕೊಳ್ಳುತ್ತವೆ. ಹಾಗಾದರೆ ಈ ನಾಳೆಯೇ ಸೇರುವವನು ಆಕಾಶದಿಂದ ಉದುರಬೇಕಾ? ನನಗೂ 90 ದಿನದ ನೋಟಿಸ್ ಇದೆ ಅಂದಾಗ ಒಬ್ಬ ನನ್ನನ್ನೇ ಬೈದ, "ಮೊದಲೇ ಹೇಳೋಕಾಗಲ್ವಾ, ಟೈಮ್ ವೇಸ್ಟು" ಅಂತ. ಫೋನ್ ಮಾಡಿದ್ದು ಅವನು!

ಜನ ಬೇಕಾದಾಗ ಹೇಗೆ ಮಾತಾಡಬೇಕು ಅನ್ನುವುದನ್ನು ಇವರು ನಮ್ಮ ಅಪ್ಪಯ್ಯನ ಹತ್ತಿರ ಕಲಿಯಬೇಕು. ಮಳೆಗಾಲ ಹಿಡಿಯುವ ಮೊದಲು ತೋಟಕ್ಕೆ ಕೊಳೆರೋಗದ ಮದ್ದು ಹೊಡೆಯದಿದ್ದರೆ ಅಡಿಕೆ ಪೂರ್ತಿ ನೆಲಕ್ಕೆ. ಮೈಲುತುತ್ತ, ಸುಣ್ಣ ತಂದಿಟ್ಟರೆ ಸಾಕಾ, ಮರ ಹತ್ತುವ ಕೊನೆಗಾರ ಬೇಕಲ್ಲ. ಒಬ್ಬ ಕೊನೆಗಾರನ ಹಿಂದೆ ನಾಕೂರು ಜನ. ಅಪ್ಪಯ್ಯ ಫೋನ್ ಮಾಡಿದರೆ ಮೊದಲು ಅವನ ಸೊಂಟ ನೋವಿನ ವಿಚಾರ, ಆಮೇಲೆ ಮಗಳ ಬಾಣಂತನ, ಆಮೇಲೆ ಮಳೆ. ಕೆಲಸದ ಮಾತು ಕೊನೆಯಲ್ಲಿ, ಅದೂ "ನಿನಗೆ ಯಾವಾಗ ಪುರುಸೊತ್ತು ಹೇಳು" ಅಂತ. ಹೋದ ವರ್ಷ ಪಕ್ಕದ ಮನೆಯವರು ಎಷ್ಟು ಕೊಟ್ಟಿದ್ದರು, ಸ್ಲಿಪ್ ತೋರಿಸು ಅಂದರೆ ಅವನು ಮುಂದಿನ ಜನ್ಮದಲ್ಲೂ ನಮ್ಮ ತೋಟಕ್ಕೆ ಕಾಲಿಡುವುದಿಲ್ಲ.

ಅಂದ ಹಾಗೆ, ರಿಜಿಸ್ಟ್ರೇಷನ್ ಫೀಸು, ಲ್ಯಾಪ್‌ಟಾಪ್ ಡಿಪಾಸಿಟ್ ಅಂತ ದುಡ್ಡು ಕೇಳುವವರು ಬೇರೆಯೇ ಜಾತಿ. ಅವರು ಬಹಳ ಮರ್ಯಾದೆಯಿಂದ ಮಾತಾಡುತ್ತಾರೆ. ಅವರ ಜೊತೆ ಮಾತು ಬೇಡ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಈಚೆಗೆ ಒಂದು ದಿನ ನಾನು ಬಚ್ಚಲಲ್ಲಿದ್ದಾಗ ಮೇಲೆ ಫೋನ್ ಹೊಡೆದುಕೊಂಡಿದೆ. ಮೆತ್ತಿನಲ್ಲಿ ಹಪ್ಪಳದ ಡಬ್ಬಿ ಹುಡುಕುತ್ತಿದ್ದ ಆಯಿ ಎತ್ತಿದ್ದಾಳೆ. ಆ ಕಡೆ ಕನ್ನಡದ ಹುಡುಗ. ಅವನೂ ಬಿಡಲಿಲ್ಲ: "ಅಮ್ಮಾ, ಅವರಿಗೆ ಈಗ ಸಂಬಳ ಎಷ್ಟು ಗೊತ್ತಾ?"

"ನಿಂಗೆ ಎಷ್ಟು ಕೊಡ್ತಾರೆ ತಮಾ?" ಅಂದಳಂತೆ ಆಯಿ.

ಅವನು ಹೇಳಿಬಿಟ್ಟಿದ್ದಾನೆ! ನಾನು ತಲೆ ಒರೆಸಿಕೊಂಡು ಮೇಲೆ ಬರುವಷ್ಟರಲ್ಲಿ ಅವನ ಊರು ತಿಪಟೂರು ಕಡೆ, ಪಿಜಿಯಲ್ಲಿ ದಿನಾ ಅದೇ ಸಾರು, ತಿಂಗಳಿಗೆ ಇಷ್ಟು ಜನರನ್ನು ಸೇರಿಸದಿದ್ದರೆ ಬಾಸ್ ಎಲ್ಲರೆದುರು ಬೈತಾನೆ, ಸೇರಿಸಿದವನು ಮೂರು ತಿಂಗಳೊಳಗೆ ಬಿಟ್ಟರೆ ಬದಲಿಗೆ ಇನ್ನೊಬ್ಬನನ್ನು ಬಿಟ್ಟಿ ಹುಡುಕಿಕೊಡಬೇಕು ಅನ್ನುವುದೆಲ್ಲ ಆಯಿಗೆ ಗೊತ್ತಾಗಿತ್ತು. ಅರ್ಜೆಂಟ್ ಅನ್ನುವ ಮಾತೇ ಇಲ್ಲ, ಇಬ್ಬರೂ ಆರಾಮಾಗಿ ತಂಬುಳಿಯ ಬಗ್ಗೆ ಮಾತಾಡುತ್ತಿದ್ದರು. ಆಯಿ ಫೋನ್ ನನ್ನ ಕೈಗೆ ಕೊಟ್ಟು, "ಪಾಪದ ಹುಡುಗ. ನಿಮ್ಮ ಕಂಪನಿಲೇ ಅವಂಗೊಂದು ಕೆಲಸ ನೋಡಾ" ಅಂದಳು.

ಸಂಜೆಗೇ ಅವನ ರೆಸ್ಯೂಮ್ ಬಂತು. ನಾಳೆಯೇ ಸೇರಬಲ್ಲೆ ಅಂತ ಬರೆದಿದ್ದ. ಸುಮ್ನೆ ಇರಲಾಗದೆ ನಮ್ಮ ಎಚ್‌ಆರ್‌ಗೆ ಕಳಿಸಿದೆ. ಅವರು ಉಸಿರೆತ್ತಿಲ್ಲ. ಈಗ ದಿನಾ ಅವನದೇ ಮೆಸೇಜು: "ಸರ್, ಏನಾದ್ರೂ ಅಪ್‌ಡೇಟ್ ಇದೆಯಾ?"